ಬಾಟಲಿ ಹುಡುಕಿಸಿದ ಆಟವನ್ನು ಯಾಕೆ ಮರೆಯಲಾಗುವುದಿಲ್ಲ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಕಳೆದ ತಿಂಗಳು ‘ಲೈಫ್ ಈಸ್ ಸ್ಟ್ರೇಂಜ್’ ಗೇಮನ್ನು ಎರಡನೇ ಸಲ ಆಡಿ ಮುಗಿಸಿದೆ. ರೂಮಿನ ಗೆಳೆಯರು ನಗುತ್ತಾರೆ. ಮಾತಿಗೂ ತುಟಿಗೂ ತಾಳವಿಲ್ಲ, ಆ ಹುಡುಗಿಯರ ಭಾಷೆಯನ್ನು ಲೋಕದಲ್ಲಿ ಯಾರೂ ಆಡುವುದಿಲ್ಲ, ಗುಜರಿಯಲ್ಲಿ ಐದು ಬಾಟಲಿ ಹುಡುಕುವುದೂ ಒಂದು ಆಟವೇ, ಅಷ್ಟೆಲ್ಲ ಆಯ್ಕೆ ಮಾಡಿಸಿ ಕೊನೆಗೆ ಉಳಿಸುವುದು ಎರಡೇ ದಾರಿ ಅಂತಾರೆ. ಅವರು ಹೇಳುವುದೆಲ್ಲ ನಿಜ. ಆದರೆ ನೂರು ಗಂಟೆ ಆಡಿದ ದೊಡ್ಡ ಗೇಮ್‌ಗಳು ನನಗೆ ಮರೆತೇಹೋಗಿವೆ, ಇದು ಮಾತ್ರ ಹೋಗುತ್ತಿಲ್ಲ. ಯಾಕೆ? ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ನಡೆಯುವ ಇಂಥವು ಬೇರೆ ಇವೆಯೇ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಒಂದನ್ನೂ ನಾನು ತಳ್ಳಿಹಾಕುವುದಿಲ್ಲ. ಗೇಮ್‌ಗಳಿಗೆ ಕತೆ, ಸಂಭಾಷಣೆ ಬರೆಯುವುದು ನನ್ನ ಕಸುಬು. ಚಿತ್ರದುರ್ಗದ ಈ ಮನೆಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ತುಟಿ ಒಂದು ಕಡೆ, ಮಾತು ಒಂದು ಕಡೆ ಹೋದರೆ ನನಗೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಆ ಬಾಟಲಿ ಹುಡುಕಾಟವಂತೂ ಎರಡನೇ ಕಂತಿನ ಓಟವನ್ನೇ ಮುರಿದು ಹಾಕುತ್ತದೆ. ‘ಅದೇ ಅದರ ಚಂದ’ ಎಂದು ಅಭಿಮಾನಿಗಳು ಹೇಳುವುದು ನನಗೆ ಒಪ್ಪಿಗೆಯಿಲ್ಲ. ದೋಷ ದೋಷವೇ. ಅದನ್ನು ಮುಚ್ಚಿಟ್ಟು ಪ್ರೀತಿಸಬೇಕಾದ ಅಗತ್ಯವೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಆ ಎರಡನೇ ಕಂತಿನಲ್ಲೇ ಇದೆ, ಬಾಟಲಿ ಹುಡುಕಿದ ಜಾಗದಿಂದ ಸ್ವಲ್ಪವೇ ಮುಂದೆ. (ಇನ್ನೂ ಆಡದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಫ್ರಾನ್ಸಿನ ಡೋಂಟ್‌ನೋಡ್ ಕಂಪನಿ 2015ರಲ್ಲಿ ಐದು ಕಂತುಗಳಾಗಿ ತಂದ ಈ ಆಟದಲ್ಲಿ ನಾಯಕಿ ಮ್ಯಾಕ್ಸ್‌ಗೆ ಕಾಲವನ್ನು ಹಿಂದಕ್ಕೆ ಸರಿಸುವ ಶಕ್ತಿಯಿದೆ. ಮಾತು ಕೆಟ್ಟರೆ ಒಂದು ಬಟನ್ ಒತ್ತಿದರಾಯಿತು, ಆಡಿದ ಮಾತು ಬಾಯೊಳಗೆ ವಾಪಸ್ ಹೋಗುತ್ತದೆ. ಇನ್ನೊಂದು ಮಾತು ಆಡಿ ನೋಡಬಹುದು. ಎರಡನೇ ಕಂತು ಮುಗಿಯುವ ಹೊತ್ತಿಗೆ ನಿಮ್ಮ ಬೆರಳಿಗೆ ಇದು ಎಷ್ಟು ರೂಢಿಯಾಗಿರುತ್ತದೆಂದರೆ ಪ್ರತಿ ಮಾತುಕತೆಯನ್ನೂ ಎರಡೆರಡು ಸಲ ಆಡಿರುತ್ತೀರಿ. ಆಗ ಮಳೆಯಲ್ಲಿ, ಹಾಸ್ಟೆಲ್ ಚಾವಣಿಯ ಅಂಚಿನಲ್ಲಿ ಕೇಟ್ ಎಂಬ ಹುಡುಗಿ ನಿಂತಿದ್ದಾಳೆ. ಅವಳ ಮೇಲೆ ಹರಡಿದ ವಿಡಿಯೊ ಒಂದರಿಂದ ಇಡೀ ಕಾಲೇಜು ಅವಳನ್ನು ಹಿಂಡಿದೆ. ಮ್ಯಾಕ್ಸ್ ಕಾಲವನ್ನು ನಿಲ್ಲಿಸಿ ಮೇಲೆ ಓಡುತ್ತಾಳೆ, ಆ ಶ್ರಮಕ್ಕೆ ಅವಳ ಶಕ್ತಿಯೆಲ್ಲ ಬಸಿದುಹೋಗುತ್ತದೆ. ನೀವು ಬಟನ್ ಒತ್ತುತ್ತೀರಿ. ಏನೂ ಆಗುವುದಿಲ್ಲ.

ಈಗ ಬರೀ ಮಾತು. ಒಂದು ಸಲ ಆಡಿದ್ದು ಆಡಿದ್ದೇ. ಮನೆಯವರಲ್ಲಿ ಯಾರನ್ನು ನೆನಪಿಸಿದರೆ ಅವಳು ನಿಲ್ಲುತ್ತಾಳೆ, ಯಾರ ಹೆಸರೆತ್ತಿದರೆ ಇನ್ನಷ್ಟು ಕುಸಿಯುತ್ತಾಳೆ ಎಂಬುದು ನಿಮಗೆ ಗೊತ್ತಿರಬೇಕು. ಗೊತ್ತಿರಬೇಕಾದರೆ ಆ ಬೆಳಿಗ್ಗೆ ಅವಳ ರೂಮಿಗೆ ಹೋದಾಗ ಗೋಡೆಯ ಫೋಟೊ, ಮೂಲೆಯ ವಯಲಿನ್, ಬಂದ ಪತ್ರ ಎಲ್ಲವನ್ನೂ ನಿಂತು ನೋಡಿರಬೇಕು. ಆ ಬೆಳಿಗ್ಗೆ ಅದು ಸುಮ್ಮನೆ ಸುತ್ತಾಡಿದಂತೆ ಇತ್ತು, ಯಾರೂ ‘ಇದು ಮುಖ್ಯ’ ಎಂದು ಹೇಳಿರಲಿಲ್ಲ. ಅವಳ ಫೋನ್ ಬಂದಾಗ ನೀವು ಎತ್ತಿದಿರೋ, ಎದುರು ಕೂತ ಮ್ಯಾಕ್ಸ್‌ಳ ಗೆಳತಿ ಕ್ಲೋಯಿ ಮುಖ ಕೆಡಿಸಿಕೊಳ್ಳುತ್ತಾಳೆಂದು ಬಿಟ್ಟಿರೋ? ಅದೂ ಈಗ ಲೆಕ್ಕಕ್ಕೆ ಬರುತ್ತದೆ. ಕೇಟ್ ಇಳಿದು ಬಂದರೂ ಬರದಿದ್ದರೂ ಆಟ ಮುಂದೆ ನಡೆಯುತ್ತದೆ, ಆ ಫಲವನ್ನು ಹೊತ್ತುಕೊಂಡೇ ನಡೆಯುತ್ತದೆ.

ಗೆಳತಿಯ ಕಷ್ಟವನ್ನು ಹೊತ್ತಿಗೆ ಸರಿಯಾಗಿ ಗಮನಿಸಿದೆವೋ ಇಲ್ಲವೋ ಎಂಬುದು ಆ ಕಂತಿನ ಕತೆ. ನಿಮ್ಮ ಕೈಗೆ ಕೊಟ್ಟ ಕೆಲಸವೂ ಅದೇ. ಕತೆ ಹೇಳುವ ಮಾತೂ ನಿಮ್ಮ ಕೈ ಮಾಡುವ ಕೆಲಸವೂ ಅಲ್ಲಿ ಒಂದೇ ಆಗಿಬಿಟ್ಟಿದೆ. ನನ್ನ ಅನುಭವದಲ್ಲಿ ಒಂದು ಕತೆಯಾಟ ಮನಸ್ಸಿನಲ್ಲಿ ಉಳಿಯುವುದು ಇಂಥ ಗಳಿಗೆಗಳಿಂದ. ಒಂದು ಆಟದಲ್ಲಿ ಮೂರು ಸಿಕ್ಕರೆ ಅದು ದೊಡ್ಡ ಆಟ. ಒಂದೇ ಸಿಕ್ಕರೂ ಜನ ಹತ್ತು ವರ್ಷ ಮರೆಯುವುದಿಲ್ಲ.

ನಮ್ಮೂರಿನ ಕೋಟೆಗೆ ಶಾಲಾ ಪ್ರವಾಸ ಬಂದಾಗ ಇದನ್ನು ಬರಿಗಣ್ಣಲ್ಲೇ ನೋಡಬಹುದು. ಒನಕೆ ಓಬವ್ವನ ಕತೆ ಗೊತ್ತಿಲ್ಲದ ಮಗು ಈ ಸೀಮೆಯಲ್ಲಿ ಇಲ್ಲ. ಕಾವಲಿನ ಗಂಡ ಊಟಕ್ಕೆ ಕೂತದ್ದು, ಇವಳು ನೀರಿಗೆ ಹೋದದ್ದು, ಬಂಡೆಯ ಸಂದಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡದ್ದು, ಒಬ್ಬೊಬ್ಬರಾಗಿ ತಲೆ ಹಾಕಿದವರನ್ನು ಒನಕೆಯಿಂದ ಬಡಿದದ್ದು. ಪಾಠದಲ್ಲಿ ಓದಿರುತ್ತಾರೆ, ಹಾಡಲ್ಲಿ ಕೇಳಿರುತ್ತಾರೆ. ಗೈಡ್ ಕಿಂಡಿಯ ಮುಂದೆ ನಿಲ್ಲಿಸಿ ಮತ್ತೆ ಹೇಳುವಾಗ ಅರ್ಧ ಮಕ್ಕಳು ಕೋತಿ ನೋಡುತ್ತಿರುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಗ್ಗಿ, ಅಂಗೈ ಬಂಡೆಗೆ ಊರಿ ನುಸುಳುತ್ತಾರೆ. ಕಳೆದ ಚಳಿಗಾಲದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಆಚೆ ತಲೆ ಹಾಕಿದವನು ತಟ್ಟನೆ ನಿಂತುಬಿಟ್ಟ. ಮೇಲಕ್ಕೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆದರೆ ಆ ಕ್ಷಣ ಅವನ ಕುತ್ತಿಗೆಗೆ ಓಬವ್ವ ಎಂದರೆ ಯಾರೆಂದು ಗೊತ್ತಾಗಿತ್ತು. ಮೆಟ್ಟಿಲು ಸವೆದಿದೆ, ಬಿಸಿಲು ಸುಡುತ್ತದೆ, ಗೈಡಿನ ದನಿ ಕೂತಿದೆ. ಆ ಹುಡುಗ ಮನೆಗೆ ಹೋಗಿ ಇದ್ಯಾವುದನ್ನೂ ಹೇಳುವುದಿಲ್ಲ.

ತುಟಿ ತಾಳ ತಪ್ಪುವುದು ಕಣ್ಣಿಗೆ ಸಂಬಂಧಿಸಿದ ದೋಷ. ನಿಮ್ಮ ಬೆರಳು ಬಟನ್ನಿನ ಮೇಲೆ ಬಿಗಿದು ನಿಂತಾಗ ಕಣ್ಣು ಅದನ್ನು ಲೆಕ್ಕಕ್ಕಿಡುವುದನ್ನು ಬಿಡುತ್ತದೆ. ಇದೇ ಆಟ 2022ರಲ್ಲಿ ಮುಖಚಲನೆ ತಿದ್ದಿಕೊಂಡು ಹೊಸದಾಗಿ ಬಂತು. ನಾನು ಎರಡನ್ನೂ ಆಡಿದ್ದೇನೆ. ತುಟಿ ಸುಧಾರಿಸಿದೆ, ನಿಜ. ಚಾವಣಿಯ ಆ ದೃಶ್ಯ ಮಾತ್ರ ಹಳೆಯದರಲ್ಲಿ ಎಷ್ಟು ಬಿಗಿಯಾಗಿ ಹಿಡಿದಿತ್ತೋ ಹೊಸದರಲ್ಲೂ ಅಷ್ಟೇ. ನಿಮ್ಮ ಊರು ಕಂಪನಿ ನಾಟಕದ ಊರು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಮೈಕು ಮೇಲಿನಿಂದ ಇಳಿಬಿದ್ದಿರುತ್ತಿತ್ತು. ಮಗ ಸತ್ತ ಸುದ್ದಿ ಕೇಳಿದ ತಾಯಿ ಮೊದಲು ಎರಡು ಹೆಜ್ಜೆ ಸರಿದು ಮೈಕಿನ ಕೆಳಗೆ ಬಂದು, ಆಮೇಲೆ ಅಳಬೇಕಿತ್ತು. ಹಿಂದೆ ಅರಮನೆಯ ಪರದೆ ಗಾಳಿಗೆ ಅಲೆಯುತ್ತಿತ್ತು. ಟೆಂಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡವರಲ್ಲಿ ಆ ಎರಡು ಹೆಜ್ಜೆಯನ್ನು ನೆನಪಿಟ್ಟವರು ನನಗೆ ಸಿಕ್ಕಿಲ್ಲ.

ಈಗ ನಿಮ್ಮ ಗೆಳೆಯರ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ: ಆಯ್ಕೆಗಳೆಲ್ಲ ಸುಳ್ಳು, ಕೊನೆಗೆ ಎರಡೇ ದಾರಿ. ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಒಂದು ಆಯ್ಕೆಗೆ ಎರಡು ದಾರಿ ಎಂದರೆ ಎರಡು ಕತೆ ಬರೆಯಬೇಕು. ಐದು ಆಯ್ಕೆಗೆ 32. ಹತ್ತು ಆಯ್ಕೆಗೆ 1024. ಪ್ರತಿಯೊಂದಕ್ಕೂ ದನಿ, ಚಿತ್ರ, ಚಲನೆ ಬೇಕು. ಯಾವ ಕಂಪನಿಯ ಕೈಲೂ ಆಗದ ಕೆಲಸ ಇದು. ಹಾಗಾಗಿ ನಾವೆಲ್ಲ ಮಾಡುವುದು ಒಂದೇ: ದಾರಿಯನ್ನು ಸೀಳುತ್ತೇವೆ, ಸ್ವಲ್ಪ ದೂರ ಬೇರೆಯಾಗಿ ಹರಿಸುತ್ತೇವೆ, ಮತ್ತೆ ಕೂಡಿಸುತ್ತೇವೆ. ಹರಿಹರದಲ್ಲಿ ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸೀಳಿ ಕೂಡುವುದನ್ನು ಸೇತುವೆ ಮೇಲಿನಿಂದ ನೋಡಿರುತ್ತೀರಲ್ಲ, ಹಾಗೆ.

ಟೆಲ್‌ಟೇಲ್ ಕಂಪನಿಯ ‘ದಿ ವಾಕಿಂಗ್ ಡೆಡ್’ (2012) ಇದನ್ನು ಬಚ್ಚಿಡದೆ ಮಾಡಿದ ಆಟ. ಮೊದಲ ಕಂತಿನಲ್ಲಿ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು. ಯಾರನ್ನೇ ಉಳಿಸಿ, ಮೂರನೇ ಕಂತಿನಲ್ಲಿ ಅವರೂ ಸಾಯುತ್ತಾರೆ. ಕಾಗದದ ಮೇಲೆ ನೋಡಿದರೆ ಮೋಸವೇ. ಆದರೆ ಎರಡನೇ ಕಂತಿನ ಆರಂಭದಲ್ಲಿ ಏನಾಗುತ್ತದೆ ನೋಡಿ. ಊರೆಲ್ಲ ಹೆಣಗಳು ನಡೆದಾಡುವ ಕಾಲ, ಒಂದು ಮೋಟೆಲ್‌ನ ಅಂಗಳದಲ್ಲಿ ಬದುಕುಳಿದ ಒಂದಷ್ಟು ಜನ. ಅವತ್ತಿನ ಊಟ ಹಂಚುವ ಕೆಲಸ ನಿಮ್ಮ ಪಾತ್ರ ಲೀಯದ್ದು. ಕೈಯಲ್ಲಿರುವುದು ನಾಲ್ಕೇ ತುಣುಕು, ಅದರಲ್ಲಿ ಒಂದು ಅರ್ಧ ಸೇಬು. ಹಸಿದವರು ಅದಕ್ಕಿಂತ ಬಹಳ ಹೆಚ್ಚು. ಮಕ್ಕಳಿಬ್ಬರಿಗೆ ಕೊಟ್ಟರೆ ಉಳಿಯುವುದು ಎರಡು. ನಿಮ್ಮನ್ನು ಕಂಡರಾಗದ ಮುದುಕನಿಗೆ ಕೊಡುತ್ತೀರೋ, ಇಡೀ ದಿನ ಮೈಮುರಿದು ದುಡಿದವನಿಗೋ, ‘ನನಗೆ ಬೇಡ’ ಎಂದು ಬಾಯಲ್ಲಿ ಹೇಳುತ್ತ ಕಣ್ಣಲ್ಲಿ ಸೇಬನ್ನೇ ನೋಡುವವರಿಗೋ? ನೀವು ಒಬ್ಬೊಬ್ಬರ ಹತ್ತಿರವೂ ನಡೆದುಹೋಗಿ ಕೊಡಬೇಕು. ಕೊಡದವರ ಎದುರೂ ಹಾದುಹೋಗಬೇಕು. ಆಟದ ಕಂಟ್ರೋಲ್ ಗಡುಸು, ನಡಿಗೆ ಮರದ ಬೊಂಬೆಯ ಹಾಗೆ, ಚಿತ್ರ ಅಲ್ಲಲ್ಲಿ ತಡವರಿಸುತ್ತದೆ. ಈ ಹಂಚಿಕೆಯಿಂದ ಕತೆಯ ಕೊನೆ ಬದಲಾಗುವುದೂ ಇಲ್ಲ.

ನನಗೆ ಇವತ್ತಿಗೂ ನೆನಪಿದೆ, ಕೊನೆಯ ತುಣುಕು ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ ಅಂತ. ನನ್ನ ತಂಗಿ ಅದೇ ಆಟ ಆಡುವಾಗ ಬೇರೆಯವರಿಗೆ ಕೊಟ್ಟಳು. ಆ ರಾತ್ರಿ ಊಟದ ಹೊತ್ತಿಗೆ ನಾವಿಬ್ಬರೂ ಮುದ್ದೆ ತಣ್ಣಗಾಗುವವರೆಗೆ ಅದನ್ನೇ ಚರ್ಚಿಸಿದೆವು. ಆಟದ ದಾರಿ ತಿರುಗಿಸುವುದಕ್ಕಷ್ಟೇ ಆಯ್ಕೆ ಇರುವುದು ಎಂದು ನಿಮ್ಮ ಗೆಳೆಯರು ತಿಳಿದಿದ್ದಾರೆ. ಆ ಸೇಬನ್ನು ಕೈಯಲ್ಲಿ ಹಿಡಿದು ನಿಂತಾಗ ನಾನು ಎಂಥವನು ಎಂಬುದು ಒಂದು ಕ್ಷಣ ನನಗೇ ಕಾಣಿಸಿತು. ಆ ಆಯ್ಕೆ ಕೊಟ್ಟದ್ದು ಅದು, ಪೂರ್ತಿ ಕೊಟ್ಟಿತು. ಎಂಟು ವರ್ಷದ ಕ್ಲೆಮೆಂಟೈನ್ ಪಕ್ಕದಲ್ಲೇ ಇದ್ದಾಳೆ, ನೋಡುತ್ತಿದ್ದಾಳೆ. ನೀವು ಏನಾದರೂ ಮಾಡಿದಾಗ ‘ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ’ ಎಂಬ ಸಾಲು ಪರದೆಯ ಮೂಲೆಯಲ್ಲಿ ಬಂದು ಹೋಗುತ್ತದೆ. ಬಹಳಷ್ಟು ಸಲ ಆ ಸಾಲಿನ ಹಿಂದೆ ದೊಡ್ಡ ಲೆಕ್ಕಾಚಾರವೇನೂ ಇಲ್ಲ. ಆದರೆ ಮಗುವಿನ ಎದುರು ಮಾತಾಡುವಾಗ ದೊಡ್ಡವರಿಗೆ ಇರುವ ಎಚ್ಚರವನ್ನು ಆ ಒಂದು ಸಾಲು ನಮ್ಮೊಳಗೆ ಕೂರಿಸಿಬಿಡುತ್ತದೆ. ಮೂರನೇ ಕಂತಿನಲ್ಲಿ ರೈಲಿನೊಳಗೆ ಅವಳ ಕೂದಲು ಕತ್ತರಿಸುವ ದೃಶ್ಯವಿದೆ. ಹೆಣಗಳ ಕೈಗೆ ಜುಟ್ಟು ಸಿಗಬಾರದೆಂದು. ಆ ದೃಶ್ಯಕ್ಕಾಗಿ ನಾನು ಆ ಆಟದ ನೂರು ಬಗ್ (ತಾಂತ್ರಿಕ ದೋಷ) ಸಹಿಸುತ್ತೇನೆ.

ಕೈ ಒಂದು ಕಡೆ, ಕತೆ ಇನ್ನೊಂದು ಕಡೆ ಹೋದಾಗ ಏನಾಗುತ್ತದೆ? ಈ ಕಸುಬಿನವರೆಲ್ಲ ನೆನೆಯುವ ಉದಾಹರಣೆ ‘ಗೇಬ್ರಿಯಲ್ ನೈಟ್ 3’ (1999). ಒಬ್ಬ ಪೊಲೀಸಿನವನ ವೇಷದಲ್ಲಿ ಬೈಕ್ ಬಾಡಿಗೆಗೆ ಪಡೆಯಬೇಕು. ಅದಕ್ಕೆ ಬಾಗಿಲ ತೂತಿಗೆ ಟೇಪ್ ಅಂಟಿಸಿ, ಬೆಕ್ಕನ್ನು ಅದರೊಳಗೆ ನುಗ್ಗಿಸಿ, ಅಂಟಿದ ಕೂದಲು ತೆಗೆದು, ಸಿರಪ್‌ನಿಂದ ಮೀಸೆ ಮಾಡಿಕೊಳ್ಳಬೇಕು. ಆ ಪೊಲೀಸಿನವನಿಗೆ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟ್ ಫೋಟೊಗೂ ಪೆನ್ನಿನಿಂದ ಮೀಸೆ ಬರೆಯಬೇಕು. ಗಂಭೀರವಾದ ಕತೆ, ಚೆನ್ನಾಗಿ ಬರೆದ ಕತೆ. ಜನಕ್ಕೆ ನೆನಪುಳಿದದ್ದು ಬೆಕ್ಕಿನ ಕೂದಲು. ನಿಮ್ಮ ಐದು ಬಾಟಲಿಯೂ ಇದೇ ಜಾತಿಯದು, ಸ್ವಲ್ಪ ಸಣ್ಣದು. ಕ್ಲೋಯಿಗೆ ಗುರಿ ಹೊಡೆಯಲು ಬಾಟಲಿ ಬೇಕು ಅಷ್ಟೇ, ಹುಡುಕುವ ಕೆಲಸಕ್ಕೂ ಆ ಗೆಳೆತನಕ್ಕೂ ನಂಟು ಬೆಳೆಯಲಿಲ್ಲ.

ನಿಮ್ಮ ನೂರು ಗಂಟೆಯ ದೊಡ್ಡ ಗೇಮ್‌ಗಳು ಮರೆತದ್ದಕ್ಕೂ ಕಾರಣ ಇಲ್ಲೇ ಇದೆ. ಅಲ್ಲಿ ದೋಷ ಹುಡುಕಿದರೂ ಸಿಗುವುದಿಲ್ಲ. ಆದರೆ ಕತೆ ನಡೆಯುವಾಗ ನೀವು ಕಂಟ್ರೋಲರ್ ಕೆಳಗಿಟ್ಟು ಕಟ್‌ಸೀನ್ (ತಾನಾಗಿ ಓಡುವ ಕತೆಯ ದೃಶ್ಯ) ನೋಡುತ್ತೀರಿ. ಕೈಗೆ ಕೆಲಸ ಬಂದಾಗ ಮ್ಯಾಪಿನ ಗುರುತುಗಳನ್ನು ಒಂದೊಂದಾಗಿ ಅಳಿಸುತ್ತೀರಿ. ಇನ್ನೂರು ಸಲ ಮಾಡಿದ ಒಂದೇ ಕೆಲಸವನ್ನು ಮನಸ್ಸು ಒಂದು ಸಲವೆಂದೇ ಇಟ್ಟುಕೊಳ್ಳುತ್ತದೆ.

ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಬೆನ್ವಾ ಸೊಕಾಲ್ ರೂಪಿಸಿದ ‘ಸೈಬೀರಿಯಾ’ (2002) ಎಂಬ ಆಟ. ನ್ಯೂಯಾರ್ಕಿನ ವಕೀಲೆ ಕೇಟ್ ವಾಕರ್ ಒಂದು ಸಹಿ ಹಾಕಿಸಿಕೊಳ್ಳಲು ಆಲ್ಪ್ಸ್‌ನ ಪುಟ್ಟ ಊರಿಗೆ ಬರುತ್ತಾಳೆ. ಯಂತ್ರಬೊಂಬೆ ಮಾಡುವ ಕಾರ್ಖಾನೆ ಮಾರಾಟವಾಗಬೇಕು. ಒಡತಿ ತೀರಿಕೊಂಡಿದ್ದಾಳೆ, ವಾರಸುದಾರ ತಮ್ಮ ಹ್ಯಾನ್ಸ್ ಎಲ್ಲೋ ಪೂರ್ವದಲ್ಲಿ ಬದುಕಿದ್ದಾನೆ. ಅವನನ್ನು ಹುಡುಕಲು ಇರುವುದು ಕೀಲಿ ಕೊಟ್ಟರೆ ಓಡುವ ಒಂದು ರೈಲು. ನಿಲ್ದಾಣ ಬಂದಾಗೆಲ್ಲ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಇಳಿದು, ಆ ಊರಿನ ತೊಡಕು ಬಿಡಿಸಿ, ಮತ್ತೆ ಕೀಲಿ ತಿರುಗಿಸಬೇಕು.

ಈ ಆಟದ ದೋಷ ಹೇಳುವುದಾದರೆ: ಓಡಾಟವೋ ಓಡಾಟ. ಖಾಲಿ ಪರದೆಗಳು, ಏನೂ ಸಿಗದ ಓಣಿಗಳು, ಒಂದು ಹಿಡಿಕೆ ಎಳೆಯಲು ಆರು ಪರದೆ ಹಿಂದಕ್ಕೆ. ಆಗ ನಮ್ಮ ಮನೆಯ ಕಂಪ್ಯೂಟರಿಗೆ ಯುಪಿಎಸ್ ಇರಲಿಲ್ಲ. ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುತ್ತಿತ್ತು. ಸೇವ್ ಮಾಡಿರದಿದ್ದರೆ ಅದೇ ಮಳೆಯ ಬೀದಿಯಲ್ಲಿ ಮತ್ತೆ ನಡೆಯಬೇಕು. ಆ ಮೊದಲ ಊರನ್ನು ನಾನು ಮೂರು ಸಲ ದಾಟಿದೆ. ಸಿಟ್ಟಿನಲ್ಲೇ ದಾಟಿದೆ. ಆದರೆ ನಡುನಡುವೆ ಕೇಟ್‌ಳ ಮೊಬೈಲ್ ರಿಂಗಾಗುತ್ತದೆ. ಬಾಸ್ ಬೈಯುತ್ತಾನೆ. ಮದುವೆಯಾಗಬೇಕಾದ ಹುಡುಗ ಯಾವಾಗ ಬರ್ತೀಯ ಅಂತಾನೆ. ಅಮ್ಮ ತನ್ನ ಹೊಸ ಗೆಳೆಯನ ಕತೆ ಹೇಳುತ್ತಾಳೆ. ಮೊದಮೊದಲು ನಾನೂ ಅವಳಂತೆ ‘ಬೇಗ ಮುಗಿಸಿ ಹೋಗೋಣ’ ಎಂದೇ ಓಡುತ್ತಿದ್ದೆ. ಮೂರನೇ ನಿಲ್ದಾಣದ ಹೊತ್ತಿಗೆ ಫೋನ್ ರಿಂಗಾದರೆ ನನಗೇ ಬೇಸರವಾಗತೊಡಗಿತು. ಆ ಖಾಲಿ ಪ್ಲಾಟ್‌ಫಾರ್ಮುಗಳೇ ನನಗೆ ಹತ್ತಿರವಾಗಿದ್ದವು. ಕೊನೆಯಲ್ಲಿ ಸಹಿ ಸಿಕ್ಕಿ, ಊರಿಗೆ ಮರಳುವ ದಾರಿ ತೆರೆದಾಗ ಕೇಟ್ ತಿರುಗಿ, ಹೊರಟ ರೈಲಿನ ಕಡೆ ಓಡುತ್ತಾಳೆ. ಅಷ್ಟಕ್ಕೇ ಆಟ ಮುಗಿಯುತ್ತದೆ, ದಢಕ್ಕನೆ. ಅವಳು ಯಾಕೆ ಓಡಿದಳು ಎಂದು ಆಟ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಗಂಟೆ ಅವಳ ಕಾಲಲ್ಲಿ ನಡೆದವನು ನಾನೇ.

ಹಾಗೆಂದು ನಿಧಾನವೆಲ್ಲ ಗುಣವಲ್ಲ. ಸೈಬೀರಿಯಾದ ಅರ್ಧ ಓಡಾಟ ಕತ್ತರಿಸಿದ್ದರೂ ಆ ಕೊನೆ ಅಷ್ಟೇ ತಟ್ಟುತ್ತಿತ್ತು ಎಂದೇ ನನ್ನ ಎಣಿಕೆ.

ನಾನು ಕ್ಷಮಿಸದ ದೋಷ ಒಂದಿದೆ. ‘ಹೆವಿ ರೇನ್’ (2010) ಆಟದಲ್ಲಿ ಪಾತ್ರಗಳ ಮನಸ್ಸಿನ ಮಾತನ್ನು ಬಟನ್ ಒತ್ತಿ ಕೇಳಬಹುದು. ಕೊಲೆಗಾರ ಯಾರೆಂದು ಬಯಲಾದ ಮೇಲೆ ಹಿಂದಿರುಗಿ ನೋಡಿದರೆ, ಆ ಪಾತ್ರದ ಒಳಗೇ ಕೂತು ಆಡಿದಾಗ ಆಟ ನಮ್ಮಿಂದ ಮುಚ್ಚಿಟ್ಟದ್ದು ಕಾಣುತ್ತದೆ. ಇನ್ನೊಂದು ಪಾತ್ರ ಪದೇಪದೇ ಪ್ರಜ್ಞೆ ತಪ್ಪುವುದಕ್ಕೆ ಕಾರಣವನ್ನೇ ಕೊಡದೆ ಬಿಟ್ಟಿದ್ದಾರೆ. ತುಟಿ ತಪ್ಪಿದರೆ ಚರ್ಮಕ್ಕೆ ಗಾಯ. ಇದು ಮೂಳೆ ಮುರಿದಂತೆ. ನನ್ನ ಕೈಯನ್ನು ನಂಬಿ ಕೊಟ್ಟಿದ್ದೆ, ಆ ಕೈಗೇ ಸುಳ್ಳು ಹೇಳಿದರು. ಚಿತ್ರ ಎಷ್ಟು ಸುಂದರವಾಗಿದ್ದರೂ ಆ ಆಟಕ್ಕೆ ಮರಳುವ ಮನಸ್ಸು ನನಗೆ ಬಂದಿಲ್ಲ.

ನಿಮ್ಮ ಲ್ಯಾಪ್‌ಟಾಪ್‌ನ ವಿಷಯ. ಸೈಬೀರಿಯಾ, ವಾಕಿಂಗ್ ಡೆಡ್‌ನ ಮೊದಲ ಸೀಸನ್ ಎರಡೂ ಹಳೆಯ ಯಂತ್ರದಲ್ಲಿ ಸಲೀಸಾಗಿ ನಡೆಯುತ್ತವೆ. ‘ವೆನ್ಬಾ’ (2023) ಇನ್ನೂ ಹಗುರ. ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಕತೆ, ಒಂದು ಸಂಜೆಗೆ ಮುಗಿಯುತ್ತದೆ. ಅಮ್ಮ ಕೊಟ್ಟ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿಹೋಗಿದೆ, ಬಿಟ್ಟ ಹಂತ ಯಾವುದೆಂದು ನೀವೇ ಊಹಿಸಿ ಇಡ್ಲಿ ಬೇಯಿಸಬೇಕು. ಅದರ ಕತೆಯೂ ಅದೇ, ದೂರದ ಊರಿನಲ್ಲಿ ಅಳಿಸಿಹೋಗುತ್ತಿರುವುದನ್ನು ಉಳಿಸಿಕೊಳ್ಳುವುದು. ವರ್ಷಗಳನ್ನು ಬಹಳ ಬೇಗ ಹಾರಿಸಿಬಿಡುತ್ತಾರೆ ಎಂಬುದು ನನ್ನ ತಕರಾರು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ‘ರಾಜಿ’ (2020) ಅಕ್ಕ ಒಬ್ಬಳು ತಮ್ಮನನ್ನು ಹುಡುಕುವ ಕತೆ. ನಿಮ್ಮ ಯಂತ್ರಕ್ಕೆ ಅದು ಸ್ವಲ್ಪ ಭಾರವಾದೀತು, ಕೊನೆಯೂ ಅರ್ಧಕ್ಕೆ ತುಂಡರಿಸಿದಂತಿದೆ. ಆದರೆ ಕತೆಯನ್ನು ನೆರಳುಬೊಂಬೆಗಳಲ್ಲಿ ಹೇಳಿದ್ದಾರೆ. ತೊಗಲುಗೊಂಬೆ ನೋಡಿ ಬೆಳೆದವರಿಗೆ ಆ ಬೆಳಕು ಬೇರೆಯದೇ ರೀತಿ ಹತ್ತಿರವಾಗುತ್ತದೆ.

ಸೈಬೀರಿಯಾ ಆಡುವಾಗ ಒಂದು ತೊಡಕಿಗೆ ಅರ್ಧ ಗಂಟೆ ಮೀರಿದರೆ ಸಂಕೋಚವಿಲ್ಲದೆ ಇಂಟರ್ನೆಟ್ಟಿನಲ್ಲಿ ಆಟದ ಗೈಡ್ (ತೊಡಕು ಬಿಡಿಸುವ ದಾರಿ ಹೇಳುವ ಬರಹ) ತೆರೆಯಿರಿ. ವಾಕಿಂಗ್ ಡೆಡ್‌ಗೆ ಗೈಡ್ ಬೇಡವೇ ಬೇಡ. ಅದನ್ನು ನಗುವ ಗೆಳೆಯರಲ್ಲಿ ಒಬ್ಬರಿಗೆ ಮೊದಲ ಕಂತಿನಿಂದ ಆಡಲು ಕೊಟ್ಟು, ನೀವು ಪಕ್ಕದಲ್ಲಿ ಕೂತು ಏನೂ ಹೇಳದೆ ಎದ್ದುಹೋಗಿ. ಮೋಟೆಲ್‌ನ ಅಂಗಳ ತಲುಪಿದ ದಿನ, ನಾಲ್ಕು ತುಣುಕು ಯಾರ್ಯಾರಿಗೆ ಕೊಟ್ಟರು ಅಂತ ಕೇಳಿ ನನಗೂ ಬರೆಯಿರಿ.